ಹಸು ಕರ ಹಾಕೋಕೂ ಒಂದು ತಿಂಗಳು ನೋಡ್ಬೇಕು

ಮದುವೆಗೆ ತಿಂಗಳು ನೋಡ್ತೀವಿ. ಗೃಹಪ್ರವೇಶಕ್ಕೆ, ಬೋರ್‌ವೆಲ್ ಕೊರೆಸೋಕೆ, ಹೊಸ ಬೈಕ್ ಮನೆಗೆ ತರೋಕೂ ದಿನ ನೋಡ್ತೀವಿ. ಆಷಾಢ ಬೇಡ, ಧನುರ್ಮಾಸ ಬೇಡ ಅಂತೀವಿ. ಆದ್ರೆ ಕೊಟ್ಟಿಗೇಲಿರೋ ಹಸು ಯಾವ ತಿಂಗಳಲ್ಲಿ ಕರ ಹಾಕಿದ್ರೆ ಒಳ್ಳೇದು ಅಂತ ಕೂತು ಲೆಕ್ಕ ಹಾಕೋ ಮನೆ ನಮ್ಮ ಕಡೆ ಎಷ್ಟಿವೆ? ಬೆದೆಗೆ ಬಂತು, ಡಾಕ್ಟ್ರಿಗೆ ಫೋನ್ ಮಾಡಿದ್ವಿ, ಇಂಜೆಕ್ಷನ್ ಆಯ್ತು. ಹುಟ್ಟೋವಾಗ ಹುಟ್ಟುತ್ತೆ. ಅಷ್ಟೇ.

ನಮ್ಮ ಮನೇಲೂ ಎಲ್ಲರ ಮನೆ ಥರಾನೇ ನಡೀತಿತ್ತು. ಕೆ.ಆರ್. ಪೇಟೆ ತಾಲ್ಲೂಕಿನ ಹಳ್ಳಿ ನಮ್ದು. ಅಪ್ಪ ಹೋದ ಮೇಲೆ ಊರಲ್ಲಿ ಅವ್ವ ಒಬ್ಬಳೇ. ನಾನು ಬೆಂಗಳೂರಿನ ಆಫೀಸಲ್ಲಿ, ಅಣ್ಣ ಮೈಸೂರಲ್ಲಿ. ಒಂದು ಎಚ್‌ಎಫ್ ಕ್ರಾಸ್ ಹಸು, ಅದರದ್ದೇ ಒಂದು ಕಡಸು, ಎಕರೆ ಚಿಲ್ಲರೆ ಹೊಲ. ನಾವು ದುಡ್ಡು ಕಳಿಸಿದ್ರೂ ಅವ್ವನಿಗೆ ತನ್ನ ದುಡ್ಡು ಅನ್ನೋದು ಡೈರಿಯಿಂದ ಬರೋ ಬಟವಾಡೆ ಮಾತ್ರ. ನಾವು ಕೊಟ್ಟಿದ್ದನ್ನ ಎತ್ತಿಡ್ತಾಳೆ, ಅದನ್ನ ಖರ್ಚು ಮಾಡ್ತಾಳೆ. ಹಾಗಾಗಿ "ಹಸು ಮಾರ್ಬಿಡವ್ವ" ಅನ್ನೋದು ನಮ್ಮನೇಲಿ ಅಷ್ಟು ಸುಲಭವಾದ ಮಾತಲ್ಲ.

ಆ ಮಾತು ಬರೋ ಹಾಗೆ ಮಾಡಿದ್ದು 2024ರ ಬೇಸಿಗೆ. ಅದರ ಹಿಂದಿನ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿತ್ತು. ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟಲೇ ಇಲ್ಲ. ರಾಗಿ ಹುಲ್ಲಿನ ಮೆದೆ ಸಂಕ್ರಾಂತಿ ಹೊತ್ತಿಗೇ ಅರ್ಧಕ್ಕೆ ಇಳಿದಿತ್ತು. ಅಂಥಾ ಟೈಮಲ್ಲಿ, ಮಾರ್ಚ್ ಎರಡನೇ ವಾರ, ನಮ್ಮ ಹಸು ಕರ ಹಾಕ್ತು. ಹೆಣ್ಣು ಕರ. ಊರಲ್ಲೆಲ್ಲ ಗಿಣ್ಣು ಹಂಚಿದ್ದಾಯ್ತು. ಆಮೇಲೆ ಶುರುವಾಯ್ತು ನೋಡಿ.

ಕರ ಹಾಕಿದ ಹಸುವಿನ ಹಾಲು ಆರರಿಂದ ಎಂಟು ವಾರದಲ್ಲಿ ತುತ್ತತುದಿಗೆ ಹೋಗುತ್ತೆ. ಅದಕ್ಕೆ ಬೇಕಾದಷ್ಟು ತಿನ್ನೋ ಶಕ್ತಿ ಮಾತ್ರ ಸ್ವಲ್ಪ ನಿಧಾನವಾಗಿ ಬರುತ್ತೆ. ಆ ನಡುವಿನ ಕೊರತೆಯನ್ನ ಹಸು ತನ್ನ ಮೈಯಿಂದಲೇ ತುಂಬಿಸ್ಕೊಳ್ಳುತ್ತೆ. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕೆ.ಜಿ. ಹಸಿ ಮೇವು, ಐದಾರು ಕೆ.ಜಿ. ಒಣಹುಲ್ಲು, ಅದರ ಮೇಲೆ ಎರಡೂವರೆ ಲೀಟರ್ ಹಾಲಿಗೆ ಒಂದು ಕೆ.ಜಿ. ಲೆಕ್ಕದಲ್ಲಿ ಫೀಡ್ಸ್ ಸಿಕ್ಕಿದ್ರೆ ಸರಿ. ಏಪ್ರಿಲ್‌ನಲ್ಲಿ ಹಸಿ ಮೇವು ಎಲ್ಲಿಂದ ತರೋದು? ಹುಲ್ಲಿನ ಲೋಡಿಗೆ ಹಿಂದಿನ ವರ್ಷದ ಎರಡರಷ್ಟು ರೇಟು. ಬಿಸಿಲಿಗೆ ಬಿಂದಿಗೆಗಟ್ಟಲೆ ನೀರು. ಅವ್ವ ಬೀದಿ ನಲ್ಲಿಯಿಂದ ಕೊಟ್ಟಿಗೆಗೆ ಹೊತ್ತೂ ಹೊತ್ತೂ ಮಂಡಿ ಊದಿಸ್ಕೊಂಡಳು. ಹಸುವಿನ ಪಕ್ಕೆಲುಬು ಎಣಿಸಬಹುದಿತ್ತು. ಬಟವಾಡೆ ಬಂದಿದ್ದೆಲ್ಲ ಹುಲ್ಲಿಗೂ ಫೀಡ್ಸಿಗೂ ಹೋಯ್ತು.

ಅಣ್ಣ ಅಂದ: "ಸಾಕು ಬಿಡವ್ವ, ಎರಡನ್ನೂ ಕೊಟ್ಬಿಡಣ." ಅವ್ವ ಮಾತಾಡಲಿಲ್ಲ. ಆ ಮೌನಕ್ಕೆ ಹೆದರಿಯೇ ನಾನು ಈ ಲೆಕ್ಕಕ್ಕೆ ಕೂತಿದ್ದು.

ಲೆಕ್ಕ ದೊಡ್ಡದೇನಲ್ಲ. ಹಸುವಿಗೆ ಗಬ್ಬದ ಅವಧಿ ಸುಮಾರು 280 ದಿನ. ನಾಟಿ ಹಸುವಿಗೆ ಇನ್ನೊಂದು ವಾರ ಹೆಚ್ಚು. ವರ್ಷಕ್ಕೊಂದು ಕರ ಬೇಕು ಅಂದ್ರೆ 365ರಲ್ಲಿ 280 ಕಳೆದು ಉಳಿಯೋದು 85 ದಿನ. ಕರ ಹಾಕಿದ ಮೇಲೆ ಗರ್ಭಕೋಶ ಸರಿಹೋಗೋಕೆ ಎರಡು ತಿಂಗಳು ಬಿಡ್ಬೇಕು. ಅಂದ್ರೆ ಕೈಲಿರೋದು ಬರೀ ಇಪ್ಪತ್ತೈದು ದಿನ. ಬೆದೆ ಬರೋದು 21 ದಿನಕ್ಕೊಂದು ಸಲ. ಒಂದೇ ಚಾನ್ಸು, ಅದೃಷ್ಟ ಇದ್ರೆ ಎರಡು. ಅದು ತಪ್ಪಿತು ಅಂದ್ರೆ ಮುಂದಿನ ಕರ 21 ದಿನ ಮುಂದಕ್ಕೆ. ಎರಡು ತಪ್ಪಿದ್ರೆ 42 ದಿನ. ಅದಕ್ಕೇ ಹಳ್ಳೀಲಿ ಯಾವ ಹಸುವೂ ಪ್ರತಿ ವರ್ಷ ಒಂದೇ ತಿಂಗಳಲ್ಲಿ ಕರ ಹಾಕಲ್ಲ. ಗಡಿಯಾರದ ಮುಳ್ಳಿನ ಹಾಗೆ ಜಾರ್ತಾ ಜಾರ್ತಾ ಒಂದಿನ ಬೇಸಿಗೆಗೆ ಬಂದು ನಿಲ್ಲುತ್ತೆ.

ಬೇಸಿಗೆಗೆ ಬಂದು ನಿಂತ ಹಸು ಅಲ್ಲಿಂದ ಬೇಗ ಏಳೋದೂ ಇಲ್ಲ. ಸೊರಗಿದ ಹಸು ಬೆದೆಗೆ ಬರೋದೇ ತಡ. ಬಂದ್ರೂ ಬಿಸಿಲಲ್ಲಿ ರಾತ್ರಿ ಹೊತ್ತು ಬಂದು ಹೋಗುತ್ತೆ, ಗೊತ್ತಾಗಲ್ಲ. ನಮ್ಮ ಹಸು ಕೂಗಿದ್ದು ಜೂನ್ ಕೊನೇ ವಾರ, ಎರಡು ಮಳೆ ಬಿದ್ದು ಬದುವಲ್ಲಿ ಹುಲ್ಲು ಚಿಗುರಿದ ಮೇಲೆ. ಅವತ್ತೇ ಇಂಜೆಕ್ಷನ್ ಕೊಡಿಸಿ, ಅದು ನಿಂತಿದ್ರೆ ಮುಂದಿನ ಕರ ಯಾವಾಗ? ಏಪ್ರಿಲ್ ಮೊದಲ ವಾರ. ಮತ್ತದೇ ಬಿಸಿಲು, ಅದೇ ಖಾಲಿ ಮೆದೆ, ಅದೇ ಬಿಂದಿಗೆ.

ಇದನ್ನ ನಂಟರ ಹತ್ರ ಎಲ್ಲ ಹೇಳ್ಕೊಂಡೆ. ನಮ್ಮ ನಂಟಸ್ತಿಕೆ ನಾಲ್ಕು ತಾಲ್ಲೂಕಲ್ಲಿ ಹರಡಿದೆ. ಒಬ್ಬೊಬ್ಬರದ್ದು ಒಂದೊಂದು ಉತ್ತರ.

ಅಕ್ಕನನ್ನ ಕೊಟ್ಟಿರೋದು ಪಾಂಡವಪುರ ತಾಲ್ಲೂಕಿಗೆ, ವಿಶ್ವೇಶ್ವರಯ್ಯ ನಾಲೆ ಬಯಲು. ಅವಳ ಹಸುಗಳು ಕರ ಹಾಕೋದು ಅಕ್ಟೋಬರ್ ನವೆಂಬರಲ್ಲಿ. ಭಾವ ಬೇಕು ಅಂತಲೇ ಜನವರಿ ಚಳೀಲಿ ಕಟ್ಟಿಸ್ತಾರೆ. ಆಗ ಸೀಮೆ ಹಸು ಗಬ್ಬ ನಿಲ್ಲೋದೂ ಚೆನ್ನಾಗಿ. ಕಬ್ಬು ಕಟಾವಿನ ಸೋಗೆ ಸಿಗುತ್ತೆ, ಭತ್ತದ ಹುಲ್ಲು ಮನೆಗೆ ಬರುತ್ತೆ, ಕಟ್ಟು ಪದ್ಧತೀಲಿ ನಾಲೆಗೆ ನೀರು ಬಿಟ್ರೂ ಸೀಮೆಹುಲ್ಲು ಬದುಕ್ಕೊಳ್ಳುತ್ತೆ. "ಬರೀ ಸೋಗೆ ಹಾಕ್ಬೇಡ, ಮೈಯಲ್ಲಿರೋ ಸುಣ್ಣದಂಶ ಇಳ್ದೋಯ್ತದೆ, ಮಿನರಲ್ ಪುಡಿ ಸೇರ್ಸು" ಅಂತ ಭಾವ ಎಚ್ಚರಿಕೆ ಕೊಟ್ರು. ಹಾಲು ಕಮ್ಮಿಯಾಗೋ ಬೇಸಿಗೇಲಿ ಒಕ್ಕೂಟಗಳು ರೇಟು ಒಂದೆರಡು ರೂಪಾಯಿ ಏರಿಸೋದುಂಟು, ಹಾಲು ಜಾಸ್ತಿಯಾದಾಗ ಇಳಿಸೋದುಂಟು. ಅಕ್ಕನ ಹಸುಗಳು ಬೇಸಿಗೇಲೂ ಕರೀತಿರುತ್ವೆ. ನೀರಿದ್ದೋರ ಲೆಕ್ಕ ಅದು.

ಶ್ರೀರಂಗಪಟ್ಟಣದ ಚಿಕ್ಕಮ್ಮನ ಮನೇಲಿ ಇರೋದು ಒಂದು ಎಮ್ಮೆ. ಚಿಕ್ಕಮ್ಮ ನಕ್ಕುಬಿಟ್ರು: "ನಾವೇನ್ ತಿಂಗಳು ನೋಡಾದು? ಅದೇ ನೋಡ್ಕತದೆ." ನಿಜ. ಎಮ್ಮೆಗಳು ಹಗಲು ಚಿಕ್ಕದಾಗೋ ಕಾಲದಲ್ಲಿ, ಚಳಿ ಶುರುವಾದಾಗ ಹೆಚ್ಚಾಗಿ ಬೆದೆಗೆ ಬರೋದು. ಗಬ್ಬ ಸುಮಾರು 310 ದಿನ. ನವೆಂಬರಲ್ಲಿ ಕಟ್ಟಿದ್ದು ಸೆಪ್ಟೆಂಬರಲ್ಲಿ ಈಯುತ್ತೆ. ಮಳೆಗಾಲದ ಹುಲ್ಲು ಬಲಿತಿರುತ್ತೆ, ಸೆಕೆ ಇರಲ್ಲ. ಯಾರೂ ಹೇಳಿಕೊಡದೇ ಎಮ್ಮೆ ತನ್ನ ತಿಂಗಳನ್ನ ತಾನೇ ಆರಿಸ್ಕೊಂಡಿದೆ.

ನಾಗಮಂಗಲದ ಅಜ್ಜಿ ಮನೆ ಪೂರ್ತಿ ಬೆದ್ದಲು. ರಾಗಿ, ಹುರುಳಿ, ನಾಲ್ಕು ತೆಂಗು. ಮೊದಲು ಅಲ್ಲಿ ಹಳ್ಳಿಕಾರ್ ದನ ಇತ್ತು. ಹಾಲಿಗಿಂತ ಗಂಡು ಕರಕ್ಕೆ ಬೆಲೆ. ಅಜ್ಜಿ ತಿಂಗಳು ಹೇಳಲ್ಲ, ಮಳೆ ಹೇಳ್ತಾಳೆ. ಅವಳ ಪ್ರಕಾರ ಗೋಮಾಳಕ್ಕೆ ಮೇಯೋಕೆ ಹೋಗೋ ದನ ಮಖೆ, ಹುಬ್ಬೆ ಮಳೆಯ ಹುಲ್ಲು ತಿಂದು ಮೈ ತುಂಬ್ಕೊಂಡು, ಗೌರಿ ಹಬ್ಬದ ಆಸುಪಾಸು ಹೋರಿ ಹಿಂದೆ ಹೋಗ್ತಿದ್ವು. ಕರ ಹಾಕ್ತಿದ್ದಿದ್ದು ಮುಂಗಾರು ಹಿಡಿಯೋ ಹೊತ್ತಿಗೆ, ಮೃಗಶಿರ, ಆರಿದ್ರ ಮಳೇಲಿ. ಆಗ ಹುಟ್ಟಿದ ಹೋರಿ ಕರ ಹೇಮಗಿರಿ ಜಾತ್ರೆ ಹೊತ್ತಿಗೆ ಏಳೆಂಟು ತಿಂಗಳದ್ದು. ಅಲ್ಲಿ ಗಿರಾಕಿ ಆಗದಿದ್ರೆ ಶಿವರಾತ್ರಿ ಸುಮಾರಿಗೆ ಬೇಬಿ ಬೆಟ್ಟದ ಜಾತ್ರೆ. "ಬ್ಯಾಸ್ಗೇಲಿ ಹಸ ಗಬ್ಬ ಇರ್ಬೇಕು ಕಣ್ಮಗ, ಕರೀಬಾರ್ದು" ಅಂದಳು ಅಜ್ಜಿ. ನನಗೆ ಅರ್ಧ ಉತ್ತರ ಸಿಕ್ಕಿದ್ದು ಅಲ್ಲಿ.

ಇನ್ನರ್ಧ ಸಿಕ್ಕಿದ್ದು ಫೋನಲ್ಲಿ ಓದ್ತಾ ಓದ್ತಾ, ಬಲು ದೂರದ ಊರಿಂದ. ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ಸ್ಯಾಂಡ್‌ಹಿಲ್ಸ್ ಅಂತ ಒಂದು ಹುಲ್ಲುಗಾವಲು ಸೀಮೆ ಇದೆ. ಅಲ್ಲಿ ಮಂದೆ ಮಂದೆ ದನ ಸಾಕೋದು ಮಾಂಸಕ್ಕೆ. ನಮ್ಮದು ಹಾಲಿನ ಸಂಸಾರ, ಅವರದ್ದೇ ಬೇರೆ. ಆದ್ರೆ ಅವರೂ ತಲೆ ಕೆಡಿಸ್ಕೊಳ್ಳೋದು ಇದೇ ಪ್ರಶ್ನೆಗೆ: ಕರ ಯಾವ ತಿಂಗಳಲ್ಲಿ ಬೀಳ್ಬೇಕು? ಮಂದೆಯೊಳಗೆ ಹೋರಿಗಳನ್ನ ವರ್ಷಪೂರ್ತಿ ಬಿಡದೆ ಎರಡು ತಿಂಗಳಷ್ಟೇ ಬಿಟ್ರೆ ಕರುಗಳೆಲ್ಲ ಎರಡು ತಿಂಗಳೊಳಗೇ ಹುಟ್ಟುತ್ವೆ. ಚಳಿಗಾಲದ ಕೊನೇಲಿ, ಫೆಬ್ರವರಿ ಮಾರ್ಚಲ್ಲಿ ಹುಟ್ಟಿಸಿದ್ರೆ ಮಾರೋ ಹೊತ್ತಿಗೆ ಕರು ದೊಡ್ಡದಾಗಿರುತ್ತೆ. ಆದ್ರೆ ಹಿಮದಲ್ಲಿ ತಾಯಿಗೆ ಒಣಹುಲ್ಲು ಕೊಂಡು ಹಾಕ್ಬೇಕು. ಮೇ ಜೂನಿಗೆ ತಂದ್ರೆ ಕರು ಮಾರೋವಾಗ ಸ್ವಲ್ಪ ಚಿಕ್ಕದು, ಆದ್ರೆ ತಾಯಿ ತನಗೆ ಬೇಕಾದ್ದನ್ನ ಹೊಲದಲ್ಲೇ ಮೇಯ್ಕೊಳ್ಳುತ್ತೆ. ಅಲ್ಲಿ ಹಿಮ, ಇಲ್ಲಿ ಬಿಸಿಲು. ಎರಡೂ ಕಡೆ ಪ್ರಶ್ನೆ ಒಂದೇ: ಹಸುವಿನ ಹಸಿವು ಜಾಸ್ತಿಯಾಗೋ ತಿಂಗಳೂ ನೆಲದ ಹುಲ್ಲು ಜಾಸ್ತಿಯಾಗೋ ತಿಂಗಳೂ ಕೂಡುತ್ತಾ ಇಲ್ವಾ?

ಹುಲ್ಲಿಗೂ ದನಕ್ಕೂ ತಾಳೆ ಹಾಕೋದು ನಮ್ಮ ಸೀಮೆಗೆ ಹೊಸದಲ್ಲ. ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದಾಗ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗೆ ಅಂತ ಊರೂರಲ್ಲಿ ಕಾವಲು ಬಿಡಿಸಿ, ಆ ಇಲಾಖೆಗೆ ಬೆಣ್ಣೆ ಚಾವಡಿ ಅಂತ ಹೆಸರಿಟ್ಟರು. ಟಿಪ್ಪು ಕಾಲಕ್ಕೆ ಅದು ಅಮೃತ ಮಹಲ್ ಆಯ್ತು. ಆ ಕಾವಲುಗಳನ್ನ ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ವಿಂಗಡಿಸಿದ್ರು. ನೀರು ನೆರಳು ಇರೋ ಜಾಗ ಬೇಸಿಗೆಗೆ ಮೀಸಲು. ಹುಲ್ಲು ಎಲ್ಲಿದೆಯೋ ಅಲ್ಲಿಗೆ ದನವನ್ನೇ ಹೊಡ್ಕೊಂಡು ಹೋಗೋರು. ಅವ್ವನಿಗೆ ಮೂರು ಕಾವಲು ಇಲ್ಲ. ಒಂದು ಕೊಟ್ಟಿಗೆ, ಎರಡು ಬದು. ಹಸುವನ್ನ ಹುಲ್ಲಿನ ಹತ್ರ ಕರ್ಕೊಂಡು ಹೋಗೋಕಾಗಲ್ಲ ಅಂದ್ರೆ ಕರದ ತಿಂಗಳನ್ನೇ ಹುಲ್ಲಿನ ಹತ್ರ ತರ್ಬೇಕು.

ಹೇಗೆ ತರೋದು? ಬೆದೆ ಬಂದ್ರೂ ಸುಮ್ಮನಿರೋದು. ಹೇಳೋಕೆ ಸುಲಭ. ಜೂನ್ ಕೊನೇ ಬೆದೆ ಬಿಡ್ಬೇಕು, ಜುಲೈದು ಬಿಡ್ಬೇಕು, ಆಗಸ್ಟ್‌ದೂ ಬಿಡ್ಬೇಕು. ಗೌರಿ ಹಬ್ಬದ ಹೊತ್ತಿಗೆ ಬರೋದಕ್ಕೆ ಇಂಜೆಕ್ಷನ್. ಆಗ ಕರ ಜೂನ್‌ಗೆ.

ಅಣ್ಣನಿಗೆ ಸಿಟ್ಟೇ ಬಂತು. "ಮೂರು ಬೆದೆ ಬಿಡೋದು ಅಂದ್ರೆ ಅರವತ್ಮೂರು ದಿನ ಕಳ್ಕೊಂಡಂಗೆ. ಊರೆಲ್ಲ ಹಸು ಗಬ್ಬ ನಿಲ್ತಿಲ್ಲ ಅಂತ ಅಳ್ತಿದೆ, ನೀವು ಬಂದಿದ್ದನ್ನ ಬಿಡ್ತೀನಿ ಅಂತೀರಾ? ಆಮೇಲೆ ನಿಲ್ಲದೇ ಹೋದ್ರೆ?" ಅವನ ಮಾತಲ್ಲಿ ತಪ್ಪಿರಲಿಲ್ಲ. ಮೇಲಾಗಿ ಜೂನಲ್ಲಿ ಕರ ಅಂದ್ರೆ ಏಪ್ರಿಲ್ ಮೇನಲ್ಲಿ ಹಸು ಬತ್ತಿರುತ್ತೆ. ರೇಟು ಚೆನ್ನಾಗಿರೋ ಬೇಸಿಗೇಲಿ ಡೈರಿಗೆ ಒಂದು ಲೀಟರೂ ಹೋಗಲ್ಲ. ಸರ್ಕಾರದ ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನವೂ ಹಾಲು ಹಾಕಿದೋರಿಗೆ ತಾನೇ.

ಅವ್ವ ಅಲ್ಲೀವರ್ಗೂ ಕೇಳಿಸ್ಕೊಂಡು ಒಂದೇ ಮಾತು ಕೇಳಿದಳು: "ಬ್ಯಾಸ್ಗೇಲಿ ಬಂದು ನೀರು ನೀನು ಹೊರ್ತೀಯೇನಪ್ಪ?"

ಅಲ್ಲಿಗೆ ಮಾತು ಮುಗೀತು. ನನ್ನ ಲೆಕ್ಕದಲ್ಲಿ ಹುಲ್ಲಿತ್ತು, ರೇಟಿತ್ತು, ದಿನ ಇತ್ತು. ಅವ್ವನ ಲೆಕ್ಕದಲ್ಲಿ ಮಂಡಿ ಇತ್ತು. ಹಸು ಬತ್ತಿದ ಎರಡು ತಿಂಗಳು ಅಂದ್ರೆ ಬೆಳಿಗ್ಗೆ ಐದಕ್ಕೆ ಏಳೋದು, ಕ್ಯಾನ್ ಹಿಡ್ಕೊಂಡು ಡೈರಿಗೆ ಓಡೋದು ಎರಡೂ ಇಲ್ಲ. ವರ್ಷದ ಅತಿ ಕಷ್ಟದ ಎರಡು ತಿಂಗಳು ಹಸುವಿಗೂ ರಜಾ, ಅವ್ವನಿಗೂ ರಜಾ. ಅದಕ್ಕೆ ಬೆಲೆ ಕಟ್ಟೋ ಕಾಲಂ ನನ್ನ ಎಕ್ಸೆಲ್ ಶೀಟಲ್ಲಿ ಇರಲಿಲ್ಲ.

ಒಂಟಿಕೊಪ್ಪಲ್ ಕ್ಯಾಲೆಂಡರಲ್ಲಿ ಅವ್ವ ಪೆನ್ಸಿಲಿಂದ ಗೀಟು ಹಾಕ್ತಾ ಹೋದಳು. ಮೂರು ಸಲ ಹಸು ಕೂಗ್ತು, ಮೂರು ಸಲ ಸುಮ್ಮನಾದಳು. ಪಕ್ಕದ ಮನೆಯೋರು ಬಂದು ಕೇಳಿ ಹೋದ್ರು. ಆದ್ರೆ ಆ ಅರವತ್ಮೂರು ದಿನ ಹಸು ಸುಮ್ಮನಿರಲಿಲ್ಲ, ಮೇಯ್ತಿತ್ತು. ಆ ಸಲ ಮಳೆ ಚೆನ್ನಾಗಾಗಿ ಜುಲೈನಲ್ಲಿ ಕಟ್ಟೆ ತುಂಬಿತ್ತು, ಬದು ಹಸಿರಾಗಿತ್ತು. ಪಕ್ಕೆಲುಬು ಮುಚ್ಕೊಂಡ್ವು. ಸೆಪ್ಟೆಂಬರ್ ಮೊದಲ ವಾರ ಕೊಡಿಸಿದ ಇಂಜೆಕ್ಷನ್ ನಿಲ್ಲಲಿಲ್ಲ. ಅಣ್ಣ ಫೋನಲ್ಲಿ "ನಾನ್ ಹೇಳ್ಲಿಲ್ವಾ" ಅಂತ ಬಾಯಿಬಿಟ್ಟು ಅನ್ನಲಿಲ್ಲ, ಅಷ್ಟೇ. ಸೆಪ್ಟೆಂಬರ್ 27ಕ್ಕೆ ಇನ್ನೊಂದು. ಡಿಸೆಂಬರಲ್ಲಿ ಡಾಕ್ಟ್ರು ಬಂದು ಕೈ ಹಾಕಿ ನೋಡಿ "ಗಬ್ಬ ಆಗದೆ" ಅಂದ್ರು. 280 ದಿನ ಎಣಿಸಿದ್ರೆ ಜುಲೈ 4. ಹಿಂದಿನ ಕರದ ಹಾಲು ಕಮ್ಮಿಯಾಗ್ತಾ ಆಗ್ತಾ ಮೂರು ಲೀಟರಿಗೆ ಬಂದು, ಏಪ್ರಿಲ್ ಕೊನೇಲಿ ಬತ್ತಿಸಿದ್ದಾಯ್ತು.

ಬತ್ತಿದ ಹಸು ಅಂತ ಮೂಲೆಗೆ ತಳ್ಳೋ ಹಾಗಿಲ್ಲ. ಹೊಟ್ಟೇಲಿರೋ ಕರ ಮುಕ್ಕಾಲುಪಾಲು ಬೆಳೆಯೋದೇ ಕೊನೇ ಮೂರು ತಿಂಗಳಲ್ಲಿ. ಅದಕ್ಕೇ ಅವ್ವ ಸಂಕ್ರಾಂತಿಯಲ್ಲೇ ಮೆದೆಯ ಒಂದು ಪಾಲು ಬೇರೆ ಮಾಡಿ "ಇದು ಬ್ಯಾಸ್ಗೇದು, ಮುಟ್ಟಂಗಿಲ್ಲ" ಅಂದಿದ್ದಳು. ದಿನಕ್ಕೆರಡು ಕೆ.ಜಿ. ಫೀಡ್ಸ್, ಆ ಹುಲ್ಲು. ಅಷ್ಟರಲ್ಲಿ ಬೇಸಿಗೆ ಕಳೀತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ಕನ್ನಂಬಾಡಿ ಕಟ್ಟೆ ಜೂನಲ್ಲೇ ತುಂಬಿತು. ಅದು ನಮ್ಮ ಲೆಕ್ಕದ ಜಾಣತನ ಅಲ್ಲ, ಮಳೆಯ ಔದಾರ್ಯ. ಜುಲೈ ಮೊದಲ ವಾರ ಕರ ಬಿತ್ತು. ಮಾಸು ಸಲೀಸಾಗಿ ಬಿತ್ತು. ಹಾಲು ಏರೋ ಆಗಸ್ಟಲ್ಲಿ ಮೇವಿಗೆ ಕಾಸು ಕೊಡದೆ, ಬದುವಿನ ಹುಲ್ಲು ಕುಯ್ದು ಹಾಕಿದಳು.

ಎಲ್ಲಾ ಸುಖಾಂತ ಅಂತ ಹೇಳ್ತಿಲ್ಲ. ಮಳೆಗಾಲದ ಕರಕ್ಕೆ ಬೇರೆ ಕಷ್ಟ. ಕೊಟ್ಟಿಗೆ ಒದ್ದೆ, ಸೊಳ್ಳೆ, ಭೇದಿ. ಕರದ ಕೆಳಗೆ ದಿನಾ ಒಣ ತರಗು ಹಾಸ್ಬೇಕು, ಜಂತಿನ ಔಷಧಿ ತಪ್ಪಿಸೋ ಹಾಗಿಲ್ಲ, ಕೆಚ್ಚಲು ಬಾವು ಬರದ ಹಾಗೆ ನೆಲ ಒಣಗಿಸ್ಬೇಕು. ಮೇ ಜೂನ್, ಬಟವಾಡೆ ಇಲ್ಲದ ಎರಡು ತಿಂಗಳು ಅವ್ವ ಕೈ ಬಿಗಿ ಹಿಡಿದಳು. ಆದ್ರೆ ಹುಲ್ಲಿಗೆ ಸಾಲ ಮಾಡಲಿಲ್ಲ. ಹಸು ಮಾರೋ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಗೆದ್ದೆವು ಅನ್ನೋದಕ್ಕೂ ಆಗಲ್ಲ, ಯಾಕಂದ್ರೆ ಇದು ಒಂದು ಸಲ ಆರಿಸಿ ಮುಗಿಸೋ ವಿಷಯ ಅಲ್ಲ. ಜುಲೈ ಮೊದಲ ವಾರ ಕರ ಹಾಕಿದ ಹಸು ಸೆಪ್ಟೆಂಬರ್ ಕೊನೆಯೊಳಗೆ ಮತ್ತೆ ನಿಲ್ಲಬೇಕು. ಇಲ್ಲದಿದ್ರೆ ಜಾರಾಟ ಮತ್ತೆ ಶುರು. 85 ದಿನದ ಆ ಕಿಟಕಿ ಪ್ರತಿ ವರ್ಷ ತೆಗೆದು ಮುಚ್ಚುತ್ತೆ. ಈ ಸಲ ಮೈ ಚೆನ್ನಾಗಿದ್ದಿದ್ದಕ್ಕೆ ಹಸು ಬೇಗ ಬೆದೆಗೆ ಬಂತು, ನಿಂತಿದೆ. ಕಡಸಿನ ಸರದಿ ಇನ್ನೂ ಇದೆ. ಅದನ್ನ ಯಾವ ತಿಂಗಳಿಗೆ ಕಟ್ಟಿಸೋದು ಅಂತ ಅವ್ವ ಅಕ್ಕ ಗಂಟೆಗಟ್ಟಲೆ ಫೋನಲ್ಲಿ ಚರ್ಚೆ ಮಾಡ್ತಾರೆ. ಎರಡೂ ಒಟ್ಟಿಗೇ ಬತ್ತಿದ್ರೆ ಮನೆಗೆ ಕಾಫಿಗೂ ಹಾಲಿರಲ್ಲ ಅನ್ನೋದು ಅಕ್ಕನ ವಾದ. ಅದೂ ಸರಿನೇ.

ಊರಲ್ಲಿ ಅಮ್ಮನೋ ಅತ್ತೆಯೋ ಹಸು ಸಾಕ್ತಿದ್ರೆ, ಮುಂದಿನ ಸಲ ಫೋನ್ ಮಾಡಿದಾಗ "ಹಾಲೆಷ್ಟು ಕೊಡ್ತಿದೆ" ಅನ್ನೋದರ ಜೊತೆ "ಕರ ಯಾವ ತಿಂಗಳಿಗೆ" ಅಂತಲೂ ಕೇಳಿ. ಆ ತಿಂಗಳಲ್ಲಿ ಮನೇಲಿ ಹುಲ್ಲು ಎಷ್ಟಿರುತ್ತೆ, ನೀರು ಎಲ್ಲಿಂದ ಬರುತ್ತೆ, ಹೊರೋ ಕೈ ಯಾರದ್ದು ಅಂತಲೂ ಕೇಳಿ. ಪಾಂಡವಪುರದ ಉತ್ತರ ನಾಗಮಂಗಲಕ್ಕೆ ಆಗಲ್ಲ, ನಮ್ಮನೆ ಉತ್ತರ ನಿಮ್ಮನೆಗೆ ಆಗ್ಲೇಬೇಕು ಅಂತಿಲ್ಲ. ನಾನಂತೂ ಆಫೀಸಿನ ರಜಾ ಅರ್ಜಿಯಲ್ಲಿ ಜುಲೈ ಮೊದಲ ವಾರ ಬರೆದಾಗಿದೆ. ಕಾರಣ ಅನ್ನೋ ಕಡೆ "ಮನೇಲಿ ಹೆರಿಗೆ" ಅಂತ ಹಾಕಿದ್ದೀನಿ. ಸುಳ್ಳೇನಲ್ವಲ್ಲ.